ಶಿರಸಿಯಲ್ಲಿ ಕೊಂಡ ಡಿಜಿಟಲ್ ಚೆಸ್ ಗಡಿಯಾರ

ಶಿರಸಿಯ ಕ್ರೀಡಾ ಸಾಮಗ್ರಿಗಳ ಅಂಗಡಿಯೊಂದರಲ್ಲಿ ಕೊಂಡ ಈ ಡಿಜಿಟಲ್ ಗಡಿಯಾರಕ್ಕೆ ನಿಜವಾದ ಪರೀಕ್ಷೆ ಎದುರಾದದ್ದು ನಮ್ಮಲ್ಲಿ ನಡೆದ ಮಹಿಳೆಯರ ಬ್ಲಿಟ್ಜ್ (ಅತಿವೇಗದ ಚೆಸ್) ಪಂದ್ಯದಲ್ಲಿ. ಒಬ್ಬೊಬ್ಬರಿಗೆ 3 ನಿಮಿಷ, ಜೊತೆಗೆ ಪ್ರತಿ ನಡೆಗೆ 2 ಸೆಕೆಂಡು, ಭಾರತದ ಆಟಗಾರ್ತಿ ಆರ್. ವೈಶಾಲಿ ಕಂಚು ಗೆದ್ದ 2024ರ ಮಹಿಳೆಯರ ವಿಶ್ವ ಬ್ಲಿಟ್ಜ್ ಚಾಂಪಿಯನ್‌ಷಿಪ್‌ನಲ್ಲಿಯೂ ಇದೇ ಲೆಕ್ಕವಿತ್ತು.

ಬಿಳಿಯ ಕಡೆ ಆನೆ ಮತ್ತು ಒಂದು ಕಾಲಾಳು, ಕಪ್ಪಿನ ಕಡೆ ಬರೀ ಆನೆ ಉಳಿದು, ಇಬ್ಬರ ಸಮಯವೂ 5 ಸೆಕೆಂಡಿನೊಳಗೆ ಇಳಿದಿದ್ದಾಗಲೂ ಗಡಿಯಾರ ಒಂದು ಒತ್ತನ್ನೂ ತಪ್ಪಿಸದೆ, ಸಿಗಬೇಕಾದ 2 ಸೆಕೆಂಡನ್ನು ಪ್ರತಿ ಬಾರಿಯೂ ಸೇರಿಸಿತು. ಕಾಯಿ ಸರಿಸಿದ ಕೈಯಿಂದಲೇ ಗಡಿಯಾರ ಒತ್ತಬೇಕೆಂಬುದು ನಿಯಮವಾದ್ದರಿಂದ ಗುಂಡಿ ಹಗುರವಾಗಿರುವುದು ಮುಖ್ಯ, ಇದರಲ್ಲಿ ಬೆರಳು ತಾಗಿದರೆ ಸಾಕು. ಆತುರದಲ್ಲಿ ಬಡಿದರೂ (ಬಡಿಯದವರು ಯಾರಿದ್ದಾರೆ!) ಅಡಿಯ ರಬ್ಬರಿನಿಂದಾಗಿ ಮೇಜಿನ ಮೇಲೆ ಜಾರುವುದಿಲ್ಲ.

ಅಂಕಿಗಳು ಮಾತ್ರ ಸಣ್ಣವು. ಮಲೆನಾಡಿನ ಮಳೆಗಾಲದ ಮಬ್ಬು ಬೆಳಕಿನಲ್ಲಿ, ಪಕ್ಕದಲ್ಲಿ ನಿಂತ ತೀರ್ಪುಗಾರರು ಬಗ್ಗಿ ನೋಡಬೇಕಾಯಿತು. ಸಮಯ ಮುಗಿದಾಗ ಬರುವ ಸದ್ದೂ ಕ್ಷೀಣ. ಬೆಲೆಗೆ ಮೋಸವಿಲ್ಲ; ಆದರೆ ಕೊಳ್ಳುವವರು ಅಂಗಡಿಯಲ್ಲಿಯೇ ಬ್ಯಾಟರಿ ಹಾಕಿಸಿ, ಹೆಚ್ಚುವರಿ ಸೆಕೆಂಡಿನ ಆಯ್ಕೆಯನ್ನು ಹೊಂದಿಸಿ ನೋಡುವುದು ಒಳ್ಳೆಯದು.