ಡಿಮಾರ್ಟೋ, ಬೀದಿಯ ದಿನಸಿ ಅಂಗಡಿಯೋ?

ತಿಂಗಳ ಸಾಮಾನನ್ನು ಒಟ್ಟಿಗೆ ತರುವ ಮನೆಯವರಿಗೆ, 2002ರಲ್ಲಿ ಮುಂಬಯಿಯ ಪೊವಾಯಿಯಲ್ಲಿ ಮೊದಲ ಮಳಿಗೆ ತೆರೆದ ಡಿಮಾರ್ಟ್ ಸಾಮಾನ್ಯವಾಗಿ ಅಗ್ಗವೇ. ಎಣ್ಣೆ, ಸಾಬೂನು, ಬಿಸ್ಕತ್ತುಗಳು ಮುದ್ರಿತ ಬೆಲೆಗಿಂತ ಕಡಿಮೆಗೆ ಸಿಗುತ್ತವೆ. ಆದರೆ ಬೇಡದ ಬಕೆಟ್ಟೊಂದು ತಳ್ಳುಗಾಡಿಯೊಳಗೆ ಬಂದು ಕೂರದಂತೆ ನೋಡಿಕೊಳ್ಳುವ ಸಂಯಮ ನಿಮ್ಮದೇ ಆಗಿರಬೇಕು. ಬೀದಿಯ ಅಂಗಡಿಯವರಾದರೋ ಕಾಲು ಕೆಜಿ ಹುರಿಗಡಲೆಯನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ, ದಾರ ಸುತ್ತಿ, ಪಟಕ್ಕನೆ ಹರಿದು ಕೈಗಿತ್ತು, ಲೆಕ್ಕವನ್ನು ಪುಸ್ತಕದಲ್ಲಿ ಬರೆದುಕೊಂಡು ಸಂಬಳದ ದಿನದವರೆಗೆ ಕಾಯುತ್ತಾರೆ. ಈ ಸಾಲದ ಪುಸ್ತಕವೊಂದಕ್ಕಾಗಿಯೇ ಹತ್ತು ರೂಪಾಯಿ ಹೆಚ್ಚು ಕೊಡಲು ನಾನು ಸಿದ್ಧ.

ಕೆಲಸ ಹುಡುಕುವವರ ಲೆಕ್ಕ ಬೇರೆ. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗೆ ಭವಿಷ್ಯ ನಿಧಿ ಕಾನೂನು ಅನ್ವಯಿಸುವುದರಿಂದ, ದೊಡ್ಡ ಮಳಿಗೆಯಲ್ಲಿ ಆ ಉಳಿತಾಯ ಸಿಗುತ್ತದೆ; ಸಾಮಾನ್ಯವಾಗಿ ನಿಗದಿತ ಪಾಳಿಯೂ ಇರುತ್ತದೆ. ಇಬ್ಬರು ಹುಡುಗರನ್ನಿಟ್ಟುಕೊಂಡ ಅಂಗಡಿಯಲ್ಲಿ ಅವೆರಡನ್ನೂ ನಿರೀಕ್ಷಿಸುವಂತಿಲ್ಲ, ಬಾಗಿಲು ಹಾಕಿದಾಗಲೇ ಕೆಲಸ ಮುಗಿಯುವುದು. ಹಾಗಿದ್ದರೂ ಬೆಲ್ಲದ ಅಚ್ಚನ್ನು ಮುರಿದು ಗುಣ ಹೇಳುವುದು, ಸಗಟು ಮಂಡಿಯಲ್ಲಿ ಚೌಕಾಸಿ ಮಾಡುವುದು ಕಲಿಯಬೇಕೆಂದರೆ, ಮುಂದೆ ಸ್ವಂತ ಅಂಗಡಿ ಇಡುವ ಆಸೆಯಿದ್ದರೆ, ಚಿಕ್ಕ ಗಲ್ಲಾಪೆಟ್ಟಿಗೆಯ ಪಕ್ಕವೇ ನಿಲ್ಲಬೇಕು.