ಫೆಬ್ರವರಿಯ ಜಿನೋವಾ: ಮೊದಲು ಮೆಟ್ಟಿಲು ಎಣಿಸಿ, ಆಮೇಲೆ ಮನೆ ಕಾಯ್ದಿರಿಸಿ

ಸೀಸನ್ ಮುಗಿದ ಮೇಲೆ ಇಟಲಿಯ ಕಡಲತೀರಕ್ಕೆ ಸಂಸಾರ ಸಮೇತ ಹೋಗುವುದಾದರೆ ಬೀಚಿನ ಊರು ಬೇಡ, ಬಂದರಿನ ಊರು ಆರಿಸಿಕೊಳ್ಳಿ. ಬೀಚಿನ ಊರು ಬೇಸಿಗೆಯವರನ್ನು ನೆಚ್ಚಿಕೊಂಡಿರುತ್ತದೆ. ಅವರು ಹೋದರೆ ಎಷ್ಟೋ ಹೋಟೆಲುಗಳು ವಸಂತದವರೆಗೆ ಬಾಗಿಲು ಹಾಕುತ್ತವೆ, ಚಿಂಕ್ವೆ ತೆರ್ರೆ ಎಂಬ ಕಡಲಂಚಿನ ಐದು ಊರುಗಳಿಗೆ ಹೋಗುವ ದೋಣಿಗಳು ನಿಲ್ಲುತ್ತವೆ, ಮಕ್ಕಳಿಗೆ ಒಂದು ಐಸ್‌ಕ್ರೀಮ್ ಕೊಡಿಸಲೂ ಬೀದಿ ಸುತ್ತಬೇಕಾಗುತ್ತದೆ. ಜಿನೋವಾ ಹಾಗಲ್ಲ. ಸಾರ್ಡೀನಿಯಾಕ್ಕೆ, ಸಿಸಿಲಿಗೆ, ಟ್ಯುನಿಸ್‌ಗೆ ಹೊರಡುವ ಹಡಗುಗಳಿಗೆ ಫೆಬ್ರವರಿ ಎಂಬ ಅಡ್ಡಿಯಿಲ್ಲ. ಆ ಊರಿನ ಜನ ಕೆಲಸಕ್ಕೆ ಹೋಗುತ್ತಾರೆ, ಬೇಕರಿಗಳು ಬೆಳಗ್ಗೆ ತೆರೆಯುತ್ತವೆ, ಬಸ್ಸುಗಳು ತುಂಬಿ ಓಡುತ್ತವೆ. ನಾವು ಹೋದದ್ದು ನಾನು, ನನ್ನ ಗಂಡ, ಮೊಣಕಾಲು ನೋವಿರುವ ಅತ್ತೆಯವರು, ಹೈಸ್ಕೂಲಿಗೆ ಬಂದಿರುವ ಮಗಳು, ಇನ್ನೂ ಹಾಲುಹಲ್ಲು ಉದುರಿಸುತ್ತಿರುವ ಮಗ. ಐವರೂ ಸಂತೋಷದಿಂದ ಕಳೆದ ರಜೆ ಅದು. ಆದರೆ ಇಳಿದುಕೊಂಡ ಮನೆಗೆ ನಾನು ಐದರಲ್ಲಿ ಮೂರಕ್ಕಿಂತ ಹೆಚ್ಚು ಅಂಕ ಕೊಡಲಾರೆ. ಏಕೆಂದು ಹೇಳುತ್ತೇನೆ, ನಿಮ್ಮ ಜೊತೆಯಲ್ಲಿ ಹಿರಿಯರಿದ್ದರೆ ಇದು ಕೆಲಸಕ್ಕೆ ಬರುತ್ತದೆ.

ಮನೆ ಹಳೆಯ ಊರಿನ ನಡುವೆ, ಹಳೆ ಬಂದರಿನಿಂದ ನಡೆದು ಹೋಗುವಷ್ಟು ಹತ್ತಿರ. ಎತ್ತರದ ಚಾವಣಿ, ಕಲ್ಲುಚೂರು ಹಾಸಿ ನಯಗೊಳಿಸಿದ ನೆಲ, ಹಸಿರು ಬಣ್ಣದ ಕಿಟಕಿ ಬಾಗಿಲು. ಅಡುಗೆಮನೆ ಚೊಕ್ಕಟವಾಗಿತ್ತು. ಜಾಹೀರಾತಿನಲ್ಲಿ ‘ಲಿಫ್ಟ್ ಇದೆ’ ಎಂದು ಬರೆದಿತ್ತು, ಲಿಫ್ಟ್ ಇತ್ತು ಕೂಡ. ಆದರೆ ಅದು ಶುರುವಾಗುವುದು ಒಂದು ಅಂತಸ್ತು ಹತ್ತಿದ ಮೇಲೆ. ಬೀದಿ ಬಾಗಿಲಿನಿಂದ ಲಿಫ್ಟಿನವರೆಗೆ ಸ್ಲೇಟ್ ಕಲ್ಲಿನ ಮೆಟ್ಟಿಲುಗಳು, ಶತಮಾನಗಳ ಕಾಲ ತುಳಿದು ನಡುವೆ ಸವೆದು ಹೊಂಡವಾದವು. ಒಂದು ಬದಿಗೆ ಮಾತ್ರ ಕೈ ಹಿಡಿಯುವ ಕಂಬಿ. ಜಿನೋವಾದ ಹಳೆಯ ಕಟ್ಟಡಗಳಲ್ಲಿ ಇದು ಅಪರೂಪವೇನಲ್ಲ. ಲಿಫ್ಟ್‌ಗಳನ್ನು ಕಟ್ಟಡದೊಳಗೆ ತೂರಿಸಿದ್ದು ಬಹಳ ತಡವಾಗಿ, ಜಾಗ ಸಿಕ್ಕ ಕಡೆ. ಹಾಗಿದ್ದ ಮೇಲೆ ಮಾಲೀಕರು ಅದನ್ನು ಒಂದು ಸಾಲಿನಲ್ಲಿ ಹೇಳಿಬಿಡಬೇಕಿತ್ತು. ಮೊದಲ ಸಂಜೆಯೇ ಅತ್ತೆಯವರು ಹೇಳಿದರು: “ಮನೆ ಚೆನ್ನಾಗಿದೆಯಮ್ಮಾ, ಆದರೆ ದಿನಕ್ಕೆ ಒಂದು ಸಲ ಮಾತ್ರ ಇಳಿಯುತ್ತೇನೆ, ಒಂದೇ ಸಲ ಹತ್ತುತ್ತೇನೆ.” ಮಧ್ಯಾಹ್ನ ಮನೆಗೆ ಬಂದು ಮಲಗಿ ಸಂಜೆ ಮತ್ತೆ ಹೊರಡೋಣ ಎಂದು ಹಾಕಿಕೊಂಡಿದ್ದ ಲೆಕ್ಕವೆಲ್ಲ ಆ ಒಂದು ಮಾತಿಗೆ ಬದಲಾಯಿತು.

ಆದ್ದರಿಂದ ಮನೆ ಹಿಡಿಯುವ ಮೊದಲು ಮಾಲೀಕರನ್ನು ಕೇಳಬೇಕಾದ ಮೊದಲ ಪ್ರಶ್ನೆ: ಬೀದಿಯಿಂದ ಲಿಫ್ಟಿನ ಬಾಗಿಲಿಗೆ ಎಷ್ಟು ಮೆಟ್ಟಿಲು? ಫೋಟೊ ಕಳಿಸಲು ಹೇಳಿ. ಹಾಗೆಯೇ ಟ್ಯಾಕ್ಸಿ ಎಲ್ಲಿಯವರೆಗೆ ಬರುತ್ತದೆ ಎಂದೂ ಕೇಳಿ. ಕರುಜ್ಜಿ ಎಂದು ಕರೆಯುವ ಆ ಓಣಿಗಳು ಕೆಲವೆಡೆ ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಕಿರಿದು. ಕಾರು ಬಿಡಿ, ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಎದುರಿಗೆ ಬರುವವರಿಗೆ ದಾರಿ ಬಿಡುವುದೇ ಕಷ್ಟ.

ಎರಡನೆಯ ಪ್ರಶ್ನೆ ಬಿಸಿಯದು. ಇಟಲಿಯಲ್ಲಿ ಮನೆ ಬಿಸಿ ಮಾಡುವುದಕ್ಕೂ ಕಾನೂನಿದೆ. ದೇಶವನ್ನು ಚಳಿಗೆ ತಕ್ಕಂತೆ ವಲಯಗಳಾಗಿ ಹಂಚಿದ್ದಾರೆ; ಜಿನೋವಾ ‘ಡಿ’ ವಲಯ. ಅಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ, ದಿನಕ್ಕೆ ಹೆಚ್ಚೆಂದರೆ 12 ಗಂಟೆ ರೇಡಿಯೇಟರ್ ಉರಿಸಬಹುದು ಎಂಬುದು ಸಾಮಾನ್ಯ ನಿಯಮ. ಇಡೀ ಕಟ್ಟಡಕ್ಕೆ ಒಂದೇ ಬಾಯ್ಲರ್ ಇದ್ದರೆ ಬಿಸಿ ಬರುವ ಹೊತ್ತು ನಿಮ್ಮ ಕೈಯಲ್ಲಿ ಇರುವುದಿಲ್ಲ. ನಮ್ಮ ಮನೆಯಲ್ಲಿ ರಾತ್ರಿ ಮಲಗುವ ಹೊತ್ತಿಗೆ ರೇಡಿಯೇಟರ್ ಮುಟ್ಟಿದರೆ ತಣ್ಣಗಿರುತ್ತಿತ್ತು, ದಪ್ಪ ಕಲ್ಲಿನ ಗೋಡೆ ಬೆಳಗಿನ ಜಾವಕ್ಕೆ ಥಂಡಿ ಬಿಡುತ್ತಿತ್ತು. ಮಾಲೀಕರು ಮರುದಿನವೇ ಹೆಚ್ಚಿನ ಕಂಬಳಿಗಳನ್ನೂ ಒಂದು ಕರೆಂಟ್ ಹೀಟರನ್ನೂ ತಂದುಕೊಟ್ಟರು, ಆ ಮಟ್ಟಿಗೆ ಅವರನ್ನು ಮೆಚ್ಚಬೇಕು. ಆದರೆ ಇಟಲಿಯ ಮನೆಗಳಿಗೆ ಸಾಮಾನ್ಯವಾಗಿ ಸಿಗುವುದು 3 ಕಿಲೋವ್ಯಾಟ್ ಸಂಪರ್ಕ. ಹೀಟರ್ ಉರಿಯುತ್ತಿರುವಾಗ ಓವನ್ ಹಾಕಿದರೆ ಮನೆಯೆಲ್ಲ ಕತ್ತಲು. ಫ್ಯೂಸ್ ಪೆಟ್ಟಿಗೆ ಎಲ್ಲಿದೆ ಎಂದು ಕೀಲಿಕೈ ಪಡೆಯುವಾಗಲೇ ತಿಳಿದುಕೊಳ್ಳಿ. ಮನೆಗೆ ಸ್ವಂತ ಬಾಯ್ಲರ್ ಇದೆಯೇ ಎಂದು ಮೊದಲೇ ಕೇಳುವುದು ಇನ್ನೂ ಒಳ್ಳೆಯದು. ಜಾಹೀರಾತಿನಲ್ಲಿ ‘ಆವುಟೊನೊಮೊ’ ಎಂದಿದ್ದರೆ ಸ್ವಂತದ್ದು, ‘ಚೆಂತ್ರಲಿಝಾಟೊ’ ಎಂದಿದ್ದರೆ ಇಡೀ ಕಟ್ಟಡದ್ದು. ಅತ್ತೆಯವರು ಆ ಮನೆಯಲ್ಲಿ ಬಾಯಿ ತುಂಬ ಹೊಗಳಿದ್ದು ಸ್ನಾನದ ಮನೆಯಲ್ಲಿದ್ದ ‘ಬಿಡೆ’ಯನ್ನು, ಅಂದರೆ ಶೌಚದ ಮೇಲೆ ಕುಳಿತು ತೊಳೆದುಕೊಳ್ಳುವ ತೊಟ್ಟಿಯನ್ನು. 1975ರ ಆದೇಶವೊಂದರ ಪ್ರಕಾರ ಇಟಲಿಯ ಮನೆಗಳಲ್ಲಿ ಅದು ಇರಲೇಬೇಕು.

ತಿಂಗಳ ಆಯ್ಕೆಯ ಬಗ್ಗೆಯೂ ಒಂದು ಮಾತು. ಸೀಸನ್ ಇಲ್ಲದ ತಿಂಗಳುಗಳೆಲ್ಲ ಒಂದೇ ಅಲ್ಲ. ಅಕ್ಟೋಬರ್, ನವೆಂಬರ್‌ನಲ್ಲಿ ವಿಮಾನದ ದರ ಎಷ್ಟೇ ಆಸೆ ಹುಟ್ಟಿಸಿದರೂ ನಾನು ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗುವುದಿಲ್ಲ. ಬೇಸಿಗೆಯಿಡೀ ಕಾದ ಸಮುದ್ರ ಆಗ ಇನ್ನೂ ಬೆಚ್ಚಗಿರುತ್ತದೆ. ಅದರ ಮೇಲಿಂದ ಬರುವ ತೇವದ ಗಾಳಿ ಉತ್ತರದಿಂದ ಇಳಿಯುವ ತಣ್ಣನೆ ಗಾಳಿಗೆ ಎದುರಾಗಿ, ಊರಿನ ಬೆನ್ನಿಗೇ ನಿಂತಿರುವ ಬೆಟ್ಟಗಳ ಮೇಲೆ ಮಳೆಯಾಗಿ ಸುರಿಯುತ್ತದೆ. 2011ರ ನವೆಂಬರ್‌ನಲ್ಲಿ, 2014ರ ಅಕ್ಟೋಬರ್‌ನಲ್ಲಿ ಊರೊಳಗಿನ ಹೊಳೆಗಳು ಉಕ್ಕಿ ಜೀವಹಾನಿಯಾಗಿದೆ. ಬಿಸಾಞ್ಞೊ ಎಂಬ ಹೊಳೆಯ ಕೊನೆಯ ಭಾಗವನ್ನು ಕಳೆದ ಶತಮಾನದಲ್ಲಿ ಮುಚ್ಚಿ ಅದರ ಮೇಲೇ ರಸ್ತೆ, ಕಟ್ಟಡ ಕಟ್ಟಿದ್ದಾರೆ. ನೀರಿಗೆ ದಾರಿ ಸಾಲದಾಗ ಅದು ಬೀದಿಗೆ ಬರುತ್ತದೆ. ಹವಾಮಾನ ಎಚ್ಚರಿಕೆಯನ್ನು ಹಳದಿ, ಕಿತ್ತಳೆ, ಕೆಂಪು ಎಂದು ಬಣ್ಣದಲ್ಲಿ ಹೇಳುತ್ತಾರೆ. ಕೆಂಪು ಬಂದ ದಿನ ಶಾಲೆಗಳನ್ನು ಮುಚ್ಚಿಬಿಡುತ್ತಾರೆ. ಫೆಬ್ರವರಿ ಇದಕ್ಕಿಂತ ಎಷ್ಟೋ ಮೇಲು. ಹಗಲು 11–12 ಡಿಗ್ರಿ ಸೆಲ್ಸಿಯಸ್, ಉತ್ತರದ ಗಾಳಿ ಬೀಸಿದ ದಿನ ಕಿವಿ ಮುಚ್ಚಿಕೊಳ್ಳಬೇಕು, ಆದರೆ ಆಕಾಶ ನಿಚ್ಚಳ.

ಇಷ್ಟಕ್ಕೂ ಈ ಕರಾವಳಿಗೆ ಹತ್ತೊಂಬತ್ತನೇ ಶತಮಾನದಲ್ಲಿ ಚಳಿಗಾಲವೇ ಸೀಸನ್. ಇಂಗ್ಲೆಂಡ್, ಜರ್ಮನಿ, ರಷ್ಯಾದ ಸ್ಥಿತಿವಂತರು ಎದೆಗೂಡಿನ ಕಾಯಿಲೆಗೆ ಬೆಚ್ಚನೆ ಬಿಸಿಲು ಹುಡುಕಿಕೊಂಡು ಇಲ್ಲಿಗೆ ಬರುತ್ತಿದ್ದರು; ಬೇಸಿಗೆಯಲ್ಲಿ ಬಂದು ಈಜುವ ರೂಢಿ ಆಮೇಲಿನದು. ಅವರು ಬರುತ್ತಿದ್ದ ಊರುಗಳಲ್ಲಿ ಒಂದಾದ ನೆರ್ವಿ ಈಗ ಜಿನೋವಾದ ಪೂರ್ವದ ಬಡಾವಣೆ. ರೈಲು ಹತ್ತಿದರೆ ಸ್ವಲ್ಪ ಹೊತ್ತಿನ ದಾರಿ, ಇಳಿದರೆ ನಿಲ್ದಾಣದ ಹತ್ತಿರವೇ ಸಮುದ್ರ. ಬಂಡೆಗಳ ಮೇಲೆ ಸುಮಾರು ಎರಡು ಕಿಲೋಮೀಟರ್ ಉದ್ದಕ್ಕೆ ಅನಿತಾ ಗರಿಬಾಲ್ಡಿ ಕಾಲುದಾರಿ ಇದೆ. ಅತ್ತೆಯವರು ಅಲ್ಲಿಯ ಬೆಂಚಿನಲ್ಲಿ ಶಾಲು ಬಿಚ್ಚಿ ಕುಳಿತವರು ಮಧ್ಯಾಹ್ನದವರೆಗೆ ಏಳಲಿಲ್ಲ. ಪಕ್ಕದಲ್ಲಿ ಅವರದೇ ವಯಸ್ಸಿನ ಇಬ್ಬರು ಇಟಲಿಯ ಹೆಂಗಸರು. ಒಬ್ಬರಿಗೊಬ್ಬರ ಭಾಷೆ ಬಾರದಿದ್ದರೂ ಮೂವರೂ ಮೊಣಕಾಲು ತೋರಿಸಿಕೊಂಡು ಮಾತಾಡಿದರು.

ಮೊಣಕಾಲಿನ ವಿಷಯದಲ್ಲಿ ನಮ್ಮ ಮನೆ ಮಾಡಿದ ಅನ್ಯಾಯವನ್ನು ಊರು ಸರಿಪಡಿಸಿತು. ಜಿನೋವಾ ಗುಡ್ಡಕ್ಕೆ ಅಂಟಿಕೊಂಡ ಊರು, ಆದ್ದರಿಂದ ಅಲ್ಲಿ ಬಸ್, ಮೆಟ್ರೋಗಳಂತೆ ಲಿಫ್ಟುಗಳೂ ಸಾರ್ವಜನಿಕ ಸಾರಿಗೆ. ಪೊರ್ತೆಲ್ಲೊ ಚೌಕದಿಂದ ಸುರಂಗದಂಥ ಹಾದಿಯಲ್ಲಿ ನಡೆದು ಲಿಫ್ಟ್ ಹತ್ತಿದರೆ ಕಸ್ತೆಲ್ಲೆತ್ತೊ ದಿಬ್ಬ. ಸ್ಲೇಟಿನ ಬೂದು ಮಾಡುಗಳು, ಅವುಗಳಾಚೆ ಕ್ರೇನುಗಳು, ದೂರದಲ್ಲಿ ಲಾಂತೆರ್ನಾ ದೀಪಸ್ತಂಭ ಒಂದೇ ನೋಟಕ್ಕೆ ಸಿಗುತ್ತವೆ. ಮಗನಿಗೆ ಮಾತ್ರ ಬಾಲ್ಬಿ ಬೀದಿಯಿಂದ ಹೊರಡುವ ಇನ್ನೊಂದು ಲಿಫ್ಟಿನ ಹುಚ್ಚು ಹಿಡಿಯಿತು. ಅದು ಮೊದಲು ಹಳಿಯ ಮೇಲೆ ಗುಡ್ಡದ ಹೊಟ್ಟೆಯೊಳಕ್ಕೆ ಅಡ್ಡಡ್ಡವಾಗಿ ಸಾಗುತ್ತದೆ, ಒಂದು ಕಡೆ ನಿಲ್ಲುತ್ತದೆ, ಏನೋ ಕೊಂಡಿ ಬಿದ್ದ ಸದ್ದು, ಆಮೇಲೆ ಅದೇ ಪೆಟ್ಟಿಗೆ ನೆಟ್ಟಗೆ ಮೇಲಕ್ಕೆ ಏರುತ್ತದೆ. ಮೇಲೆ ಇರುವುದು ಸಮುದ್ರಯಾನಿ ಕ್ಯಾಪ್ಟನ್ ದಾಲ್ಬೆರ್ತಿಸ್ ಕಟ್ಟಿಸಿದ ಕೋಟೆಯಂಥ ಮನೆ, ಈಗ ವಸ್ತುಸಂಗ್ರಹಾಲಯ. ಮಗ ಅದರೊಳಗೆ ಬರಲು ಒಪ್ಪಲಿಲ್ಲ. ಅಪ್ಪನ ಕೈ ಹಿಡಿದುಕೊಂಡು ಲಿಫ್ಟಿನಲ್ಲೇ ಮತ್ತೆ ಇಳಿದ, ಮತ್ತೆ ಹತ್ತಿದ.

ಮಳೆ ಬಂದ ದಿನಕ್ಕೆಂದು ಅಕ್ವೇರಿಯಂ ಇಟ್ಟುಕೊಳ್ಳಿ. ಕೊಲಂಬಸ್ ಯಾನಕ್ಕೆ 500 ವರ್ಷ ತುಂಬಿದ 1992ರಲ್ಲಿ, ಇದೇ ಊರಿನ ವಾಸ್ತುಶಿಲ್ಪಿ ರೆಂಜೊ ಪಿಯಾನೊ ಹಳೆ ಬಂದರನ್ನು ಜನರಿಗೆ ತೆರೆದುಕೊಟ್ಟಾಗ ಕಟ್ಟಿದ್ದು. ಯುರೋಪಿನ ದೊಡ್ಡ ಅಕ್ವೇರಿಯಂಗಳಲ್ಲಿ ಒಂದು. ಶಾರ್ಕ್, ಪೆಂಗ್ವಿನ್, ಡಾಲ್ಫಿನ್ ಇವೆಲ್ಲ ಮಕ್ಕಳಿಗೆ ಗೊತ್ತಿದ್ದವೇ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಮ್ಯಾನಟಿ ಎಂಬ ಕಡಲಹಸು: ಮಂಚದಷ್ಟು ದೊಡ್ಡ ಬೂದು ಮೈ, ತುಟಿಯ ಸುತ್ತ ಗಡುಸು ಕೂದಲು, ಎರಡೂ ರೆಕ್ಕೆಗಳಿಂದ ಸೊಪ್ಪನ್ನು ಒತ್ತಿ ಹಿಡಿದು ಆತುರವಿಲ್ಲದೆ ಮೆಲ್ಲುತ್ತಿತ್ತು. ಬೆಳಗ್ಗೆ ಶಾಲಾ ಮಕ್ಕಳ ಗುಂಪುಗಳಿರುತ್ತವೆ. ನಾವು ಊಟವಾದ ಮೇಲೆ ಹೋದದ್ದರಿಂದ ಗಾಜಿನ ಮುಂದೆ ಬೇಕಾದಷ್ಟು ಹೊತ್ತು ನಿಲ್ಲಲು ಸಿಕ್ಕಿತು. ಎರಡೂವರೆ ಗಂಟೆಯಾದರೂ ಬೇಕು. ಅಲ್ಲಿಂದ ಸ್ವಲ್ಪ ನಡೆದರೆ ಗಲಾತಾ ಸಮುದ್ರ ಸಂಗ್ರಹಾಲಯ; ಅದರ ಮುಂದೆ ನೀರಿನಲ್ಲಿ ‘ನಜಾರಿಯೊ ಸಾವ್ರೊ’ ಎಂಬ ನಿಜವಾದ ಸಬ್‌ಮರೀನನ್ನು ಕಟ್ಟಿ ನಿಲ್ಲಿಸಿದ್ದಾರೆ, ಒಳಗೆ ಇಳಿದು ನೋಡಬಹುದು. ಹಿರಿಯರಿಗೆ ಅದು ಆಗುವುದಿಲ್ಲ, ದಾರಿ ಬಲು ಇಕ್ಕಟ್ಟು. ಮಗಳಿಗೆ ಇಷ್ಟವಾದದ್ದು ಗರಿಬಾಲ್ಡಿ ಬೀದಿಯ ತುರ್ಸಿ ಅರಮನೆಯಲ್ಲಿರುವ, ಹೆಸರಾಂತ ಪಿಟೀಲುವಾದಕ ಪಗನಿನಿಯ ಪಿಟೀಲು, 1743ರದ್ದು. ಅವಳು ಪಿಟೀಲು ಕಲಿಯುತ್ತಿದ್ದಾಳೆ, ಆ ಗಾಜಿನ ಪೆಟ್ಟಿಗೆಯ ಮುಂದಿನಿಂದ ಅವಳನ್ನು ಕದಲಿಸಬೇಕಾದರೆ ಸಾಕಾಯಿತು. ಸೋಮವಾರ ಇಟಲಿಯ ಬಹಳಷ್ಟು ಸಂಗ್ರಹಾಲಯಗಳಿಗೆ ರಜೆ, ಹೊರಡುವ ಮೊದಲು ನೋಡಿಕೊಳ್ಳಿ.

ಈಗ ಊಟ. ಸಸ್ಯಾಹಾರಿಗಳಿಗೆ ಇಟಲಿಯಲ್ಲಿ ಇದಕ್ಕಿಂತ ಅನುಕೂಲದ ಊರನ್ನು ನಾನು ಕಂಡಿಲ್ಲ. ರೆಸ್ಟೋರೆಂಟುಗಳ ಅಡುಗೆಮನೆ ಮಧ್ಯಾಹ್ನ ಮುಚ್ಚಿದರೆ ಮತ್ತೆ ತೆರೆಯುವುದು ರಾತ್ರಿ ಏಳೂವರೆಯ ಸುಮಾರಿಗೆ. ಮಕ್ಕಳ ಹೊಟ್ಟೆ ಆರಕ್ಕೇ ಕೂಗುತ್ತದೆ. ಆಗ ಕೈಹಿಡಿಯುವುದು ಫರಿನಾತಾ. ಕಡಲೆ ಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ, ಅಷ್ಟೇ. ನೀರುದೋಸೆಯ ಹಿಟ್ಟಿನಷ್ಟು ತೆಳ್ಳಗೆ ಕಲಸಿ ಗಂಟೆಗಟ್ಟಲೆ ಇಟ್ಟು, ಎರಡು ಕೈ ಅಗಲಿಸಿ ಹಿಡಿಯಬೇಕಾದಂಥ ದುಂಡನೆ ತಾಮ್ರದ ತಟ್ಟೆಗೆ ಸುರಿದು ಸೌದೆ ಒಲೆಯೊಳಕ್ಕೆ ತಳ್ಳುತ್ತಾರೆ. ನಾವು ಹೋಗುತ್ತಿದ್ದ ಅಂಗಡಿಯಲ್ಲಿ ಒಲೆಯ ಬಾಯಿ ಕಾಣುವಂತೆ ನಿಲ್ಲಬಹುದಿತ್ತು. ಮೇಲೆ ಎಣ್ಣೆ ಗುಳ್ಳೆಯೇಳುತ್ತದೆ, ಅಂಚು ಮೊದಲು ಕಂದುತ್ತದೆ, ನಡುವೆ ಅಲ್ಲಲ್ಲಿ ಕಪ್ಪು ಕಲೆ. ಹೊರಗೆಳೆದು ಕತ್ತಿಯಿಂದ ಅಡ್ಡಾದಿಡ್ಡಿ ಕತ್ತರಿಸಿ, ಕಾಗದದ ಮೇಲಿಟ್ಟು ಕಾಳುಮೆಣಸಿನ ಪುಡಿ ಉದುರಿಸಿ ಕೊಡುತ್ತಾರೆ. ಅಂಚು ಗರಿಗರಿ, ಒಳಗೆ ಕೆನೆಯಂತೆ ಮೆದು. ಅಂಚಿನ ತುಂಡು ಬೇಕೆಂದು ಮಕ್ಕಳು ಕೈ ತೋರಿಸಿ ಕೇಳುವುದನ್ನು ಕಲಿತರು. ಸಣ್ಣ ಮೀನು ಹಾಕಿದ್ದೂ ಇರುತ್ತದೆ, ಕೇಳಿ ತೆಗೆದುಕೊಳ್ಳಿ.

ತುಳಸಿ ಜಾತಿಯ ಬೇಸಿಲ್ ಎಲೆಗೆ ಚೀಸ್, ಎಣ್ಣೆ ಸೇರಿಸಿ ಅರೆಯುವ ಪೆಸ್ಟೊ ಎಂಬ ಚಟ್ನಿ ಹುಟ್ಟಿದ್ದು ಇಲ್ಲಿಯೇ. ತ್ರೋಫಿಯೆ ಎಂಬ ಹೊಸೆದ ಪಾಸ್ಟಾಕ್ಕೆ ಆಲೂಗೆಡ್ಡೆ, ಬೀನ್ಸ್ ಸೇರಿಸಿ ಪೆಸ್ಟೊ ಕಲಸಿ ಕೊಡುತ್ತಾರೆ, ಮಕ್ಕಳು ತಟ್ಟೆ ನೆಕ್ಕುವಂತಿರುತ್ತದೆ. ಆದರೆ ಕಟ್ಟುನಿಟ್ಟಿನವರು ತಿಳಿದಿರಬೇಕು: ಅದಕ್ಕೆ ಹಾಕುವ ಪಾರ್ಮಿಜಾನೊ ರೆಜ್ಜಾನೊ ಚೀಸಿನ ಹಾಲನ್ನು ಹೆಪ್ಪುಗಟ್ಟಿಸುವುದು ಕರುವಿನ ಜಠರದ ರೆನೆಟ್‌ನಿಂದ, ಅದು ಆ ಚೀಸಿನ ನಿಯಮವೇ. ಅತ್ತೆಯವರಿಗೆ ಇದನ್ನು ಮೊದಲೇ ಹೇಳಿದೆ. ಅವರು ಪೆಸ್ಟೊ ಬಿಟ್ಟು ಫೊಕಾಚ್ಚಾ ಎಂಬ ಚಪ್ಪಟೆ ಬ್ರೆಡ್ಡು, ಫರಿನಾತಾ, ಟೊಮೇಟೊ ಹಾಕಿದ ಪಾಸ್ಟಾ ತಿಂದರು. ಉಳಿದಂತೆ, ಪ್ರೆ ಬೀದಿಯ ಸುತ್ತಮುತ್ತಲ ವಲಸಿಗರ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ಅರಿಸಿನ, ಹಸಿಮೆಣಸಿನಕಾಯಿ ಎಲ್ಲವೂ ಸಿಕ್ಕಿತು. ತರಕಾರಿಗೆ ‘ಸೆಪ್ಟೆಂಬರ್ 20’ ಎಂಬ ಹೆಸರಿನ ಬೀದಿಯ ಓರಿಯೆಂತಾಲೆ ಮಾರುಕಟ್ಟೆ. ಫೆಬ್ರವರಿಯಲ್ಲಿ ಅಲ್ಲಿ ಅಲ್ಬೆಂಗಾ ಊರಿನ ಮುಳ್ಳು ಆರ್ಟಿಚೋಕ್ ಎಂಬ ಮೊಗ್ಗಿನಂಥ ತರಕಾರಿ ರಾಶಿ ಬಿದ್ದಿರುತ್ತದೆ. ಹೊರ ಎಸಳು ಕಿತ್ತು, ತೆಳ್ಳಗೆ ಹೆಚ್ಚಿ, ನಿಂಬೆಹಣ್ಣು ಹಿಂಡಿ ಹಸಿಯಾಗಿಯೇ ತಿನ್ನಲು ಅಂಗಡಿಯಾಕೆ ಹೇಳಿಕೊಟ್ಟರು. ರೆಸ್ಟೋರೆಂಟಿನ ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂದು ತಲೆಗೆ ಇಷ್ಟೆಂದು ಸೇರಿಸಿದ್ದರೆ ಮೋಸವೆಂದು ಭಾವಿಸಬೇಡಿ, ಅದು ಮೇಜಿನ ಶುಲ್ಕ. ಮನೆಯ ಬಾಡಿಗೆಯ ಮೇಲೆ ಊರಿನ ಪ್ರವಾಸಿ ತೆರಿಗೆಯೂ ಬೇರೆ.

ಮಿಲಾನಿನಿಂದ ರೈಲಿನಲ್ಲಿ ಬರುವವರು ಹಳೆ ಬಂದರಿನ ಕಡೆ ಮನೆ ಹಿಡಿದಿದ್ದರೆ ಪ್ರಿಂಚಿಪೆ ನಿಲ್ದಾಣದಲ್ಲಿ ಇಳಿಯಿರಿ, ಮಾರುಕಟ್ಟೆಯ ಕಡೆಯಾದರೆ ಬ್ರಿಞ್ಞೊಲೆಯಲ್ಲಿ. ನಾನು ಮತ್ತೆ ಹೋದರೆ ಬ್ರಿಞ್ಞೊಲೆಯ ಹತ್ತಿರದ ಅಗಲ ಬೀದಿಯಲ್ಲಿ, ಟ್ಯಾಕ್ಸಿ ಬಾಗಿಲಿಗೇ ಬರುವಂಥ, ಲಿಫ್ಟ್ ನೆಲಮಟ್ಟದಿಂದಲೇ ಶುರುವಾಗುವ, ಸ್ವಂತ ಬಾಯ್ಲರ್ ಇರುವ ಮನೆ ಹುಡುಕುತ್ತೇನೆ. ಹಳೆಯ ಊರಿನ ಆ ಮನೆಯನ್ನು ಗಟ್ಟಿ ಕಾಲಿನ ಗೆಳತಿಯರಿಗೆ ಈಗಾಗಲೇ ಶಿಫಾರಸು ಮಾಡಿದ್ದೇನೆ, ಮೆಟ್ಟಿಲಿನ ಫೋಟೊ ಸಮೇತ.