ಒಂದು ಸುರಂಗ ಬಾವಿ, ನಾಲ್ಕು ಹಲಗೆ

ಬೀದರ್‌ಗೆ ಅಂಟಿಕೊಂಡ ನೌಬಾದ್‌ನಲ್ಲಿ ಕರೇಜ್ ಇದೆ. ಬಹಮನಿ ಕಾಲದ ಸುರಂಗ ಬಾವಿ. ಹೋದ ವರ್ಷ ನನ್ನ ಒಂಬತ್ತನೇ ತರಗತಿಯ 36 ಮಕ್ಕಳಿಗೆ ಅದನ್ನು ತೋರಿಸಿಕೊಂಡು ಬಂದೆ. ಮರುದಿನ ಆರಾರು ಮಂದಿಯ ಗುಂಪು ಮಾಡಿ, ಸೇರಿ ಒಂದು ಬರಹ ಬರೆಯಿರಿ ಅಂದೆ. ಹಾಳೆ ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ಎಲ್ಲ ಮೇಷ್ಟ್ರುಗಳಿಗೂ ಗೊತ್ತು. ಅಕ್ಷರ ಚೆಂದ ಇರುವ ಒಬ್ಬಳು ಬರೆಯುತ್ತಾಳೆ, ಉಳಿದವರು ಅಂಚಿಗೆ ಬಣ್ಣದ ಗೆರೆ ಹೊಡೆಯುತ್ತಾರೆ. ಅದಕ್ಕೇ ಆನ್‌ಲೈನ್ ಕಡೆ ಹೊರಳಿದೆ. ಒಂದೇ ಕೆಲಸಕ್ಕೆ ನಾಲ್ಕು ದಾರಿ ಹಿಡಿದು ನೋಡಿದೆ.

ನಮ್ಮ ಬಂಡವಾಳ ಇಷ್ಟು: ಲ್ಯಾಬ್‌ನಲ್ಲಿ ಹತ್ತು ಕಂಪ್ಯೂಟರ್, ಅದರಲ್ಲಿ ನಡೆಯುವವು ಆರು. ಇಂಟರ್ನೆಟ್ ಅಂದರೆ ನನ್ನ ಮೊಬೈಲ್ ಹಾಟ್‌ಸ್ಪಾಟ್. ಮಕ್ಕಳ ಮನೆಯಲ್ಲಿ ಅಪ್ಪನದೋ ಅಣ್ಣನದೋ ಫೋನ್, ಅದೂ ರಾತ್ರಿ ಏಳರ ಮೇಲೆ ಕೈಗೆ ಸಿಗುವಂಥದ್ದು. ನಿಮ್ಮ ಶಾಲೆಯಲ್ಲಿ ಮಗುವಿಗೊಂದು ಟ್ಯಾಬ್ ಇದ್ದರೆ ನನ್ನ ಮಾತು ಅರ್ಧ ಬಿಟ್ಟು ಓದಿಕೊಳ್ಳಿ.

ಮೊದಲು ವಾಟ್ಸ್ಆ್ಯಪ್ ಗ್ರೂಪ್. ಕಲಿಸುವ ಅಗತ್ಯವೇ ಇಲ್ಲ, ಎಲ್ಲರಿಗೂ ಬರುತ್ತದೆ. ಮೊದಲ ರಾತ್ರಿಯೇ ನೂರಕ್ಕೂ ಜಾಸ್ತಿ ಮೆಸೇಜ್. ಬಾವಿಯ ಫೋಟೋ, ಧ್ವನಿ ಮುದ್ರಿಕೆ, ನಡುವೆ ಗುಲಾಬಿ ಹೂವಿನ ಶುಭೋದಯ. ಆದರೆ ಬರಹ ಎಲ್ಲಿ? ಒಬ್ಬ ಕಳಿಸಿದ್ದನ್ನು ಇನ್ನೊಬ್ಬ ತಿದ್ದಲು ಆಗುವುದಿಲ್ಲ. ಕಾಪಿ ಮಾಡಿ ತಿದ್ದಿ ಮತ್ತೆ ಕಳಿಸಬೇಕು. ಮೂರನೇ ದಿನಕ್ಕೆ ಒಂದೇ ಪ್ಯಾರಾದ ಐದು ರೂಪ, ಯಾವುದು ಕೊನೆಯದ್ದು ಅಂತ ಯಾರಿಗೂ ಗೊತ್ತಿಲ್ಲ. ನನಗೆ ತಲೆನೋವು ತಂದಿದ್ದು ಅದಲ್ಲ. ಗ್ರೂಪ್‌ಗೆ ಸೇರಿದವರ ನಂಬರ್ ಉಳಿದವರಿಗೆಲ್ಲ ಕಾಣುತ್ತದೆ. ಹೆಣ್ಣುಮಕ್ಕಳ ಮನೆಯವರು ಇಬ್ಬರು ಶಾಲೆಗೇ ಬಂದು ಕೇಳಿದರು. ಕೇಳಿದ್ದು ಸರಿಯೇ. ಅವತ್ತೇ ಗ್ರೂಪ್ ಮುಚ್ಚಿ, ಪಾಲಕರಿಗೆ ನಾನು ಮಾತ್ರ ಮೆಸೇಜ್ ಹಾಕುವ ಇನ್ನೊಂದು ಗ್ರೂಪ್ ಮಾಡಿದೆ. ಸೂಚನೆ ಹೇಳಲು ಅದು ಸಾಕು, ಕೂಡಿ ಬರೆಯಲು ಅಲ್ಲ.

ಆಮೇಲೆ ಪ್ಯಾಡ್ಲೆಟ್ ಅನ್ನುವ ವೆಬ್‌ಸೈಟ್. ಇದು ಗೋಡೆ ಇದ್ದ ಹಾಗೆ. ಯಾರು ಬೇಕಾದರೂ ಚೀಟಿ ಅಂಟಿಸಬಹುದು. ಮಕ್ಕಳಿಗೆ ಖಾತೆ ಬೇಕಿಲ್ಲ, ಲಿಂಕ್ ಒತ್ತಿದರೆ ಆಯ್ತು. ‘ಮೆಟ್ಟಿಲಿಳಿದು ನೀರಿನ ಹತ್ತಿರ ನಿಂತಾಗ ಏನನ್ನಿಸಿತು?’ ಅಂತ ಒಂದು ಪ್ರಶ್ನೆ ಹಾಕಿದೆ. ನಮ್ಮ ಬೀದರ್ ಮಕ್ಕಳು ಗೊತ್ತಲ್ಲ, ಮನೆಯಲ್ಲಿ ಒಬ್ಬರದು ಉರ್ದು, ಒಬ್ಬರದು ಮರಾಠಿ, ಗಡಿ ಕಡೆಯವರದು ತೆಲುಗು. ಕನ್ನಡದಲ್ಲಿ ತಪ್ಪಾದೀತು ಅಂತ ತರಗತಿಯಲ್ಲಿ ಬಾಯಿಯೇ ಬಿಡದ ಒಬ್ಬಳು ಇಲ್ಲಿ ದನಿ ಮುದ್ರಿಸಿ ಹಾಕಿದಳು, ಅರ್ಧ ಉರ್ದು, ಅರ್ಧ ಕನ್ನಡ. ಅಜ್ಜಿ ಮನೆಯ ನೆಲಮಾಳಿಗೆಯ ತಂಪು ನೆನಪಾಯಿತಂತೆ. ಆ ವರ್ಷ ಅವಳ ದನಿ ನಾನು ಸರಿಯಾಗಿ ಕೇಳಿದ್ದು ಅವತ್ತೇ.

ಹೆಸರಿಲ್ಲದೆ ಬರೆಯಬಹುದು ಅನ್ನುವುದಕ್ಕೆ ಇನ್ನೊಂದು ಮುಖವೂ ಇದೆ. ಮರುದಿನ ಒಬ್ಬ ಹುಡುಗನ ಫೋಟೋ ಕೆಳಗೆ ಯಾರೋ ‘ಗೂಬೆ’ ಅಂತ ಬರೆದಿದ್ದರು. ಯಾರು ಅಂತ ಗೊತ್ತಾಗಲಿಲ್ಲ. ನಾನು ಒಪ್ಪಿದ ಮೇಲೆಯೇ ಚೀಟಿ ಕಾಣುವ ಹಾಗೆ ಸೆಟ್ಟಿಂಗ್ ಬದಲಿಸಿದೆ. ಬೈಗುಳ ನಿಂತಿತು, ಉತ್ಸಾಹವೂ ಅರ್ಧಕ್ಕರ್ಧ ಇಳಿಯಿತು. ಹಾಕಿದ ಕೂಡಲೇ ಕಾಣಬೇಕು, ಅದೇ ಅಲ್ವಾ ಅದರ ಮಜಾ? ಉಚಿತ ಖಾತೆಗೆ ಮೂರೇ ಗೋಡೆ. ಆರು ಗುಂಪಿಗೆ ಬೇರೆ ಬೇರೆ ಗೋಡೆ ಕೊಡಲು ಆಗಲ್ಲ. ಒಂದೇ ಗೋಡೆಯಲ್ಲಿ ಆರು ಕಾಲಂ ಮಾಡಿದೆ.

ಈಥರ್‌ಪ್ಯಾಡ್ ಬಗ್ಗೆ ಎರಡೇ ಮಾತು. ಎಲ್ಲರೂ ಒಂದೇ ಪುಟದಲ್ಲಿ ಕೂಡಿ ಬರೆಯುವ ಮುಕ್ತ ತಂತ್ರಾಂಶ, ಖಾತೆ ಬೇಡ, ಒಬ್ಬೊಬ್ಬರ ಬರಹಕ್ಕೆ ಒಂದೊಂದು ಬಣ್ಣ. ಯಾರು ಎಷ್ಟು ಬರೆದರು ಅಂತ ದೂರದಿಂದಲೇ ಕಾಣುತ್ತದೆ, ನನಗೆ ತುಂಬ ಹಿಡಿಸಿತು. ಆದರೆ ಫೋಟೋ ಇಲ್ಲದ ಬರೀ ಅಕ್ಷರ ಮಕ್ಕಳಿಗೆ ಸಪ್ಪೆ. ಎರಡು ಪಿರಿಯಡ್‌ಗೆ ಮುಗಿಯಿತು. (ಚಿತ್ರ ಬಿಡಿಸಲು ಗೂಗಲ್‌ನ ಆನ್‌ಲೈನ್ ಹಲಗೆ ಜಾಮ್‌ಬೋರ್ಡ್ ಇತ್ತು. ಅದು 2024ರ ಡಿಸೆಂಬರ್ 31ಕ್ಕೆ ನಿಂತುಹೋಯಿತು. ಅಂದಿನಿಂದ ಮಕ್ಕಳ ಕೆಲಸ ಯಾವುದರಲ್ಲೇ ಇರಲಿ, ತಿಂಗಳಿಗೊಮ್ಮೆ ಪಿಡಿಎಫ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳುತ್ತೇನೆ.)

ಕೊನೆಗೆ ನೆಲೆ ನಿಂತಿದ್ದು ಗೂಗಲ್ ಡಾಕ್ಸ್‌ನಲ್ಲಿ, ಅದೂ ಎಲ್ಲರೂ ಒಟ್ಟಿಗೆ ಬರೆಯುವ ಆನ್‌ಲೈನ್ ಪುಟವೇ. ಶುರು ಮಾತ್ರ ಜಾತ್ರೆ. ಎಲ್ಲರೂ ಮೊದಲ ಸಾಲಿನಲ್ಲೇ ಬರೆಯುತ್ತಾರೆ, ಒಬ್ಬರ ಪದದ ನಡುವೆ ಇನ್ನೊಬ್ಬರ ಪದ. ಹತ್ತು ನಿಮಿಷಕ್ಕೆ ಯಾರೋ ಎಲ್ಲವನ್ನೂ ಸೆಲೆಕ್ಟ್ ಮಾಡಿ ಒಂದು ಗುಂಡಿ ಒತ್ತಿದರು. ಪುಟ ಖಾಲಿ.

‘ಸರ್, ನಂದು ಹೋಗ್ಯದ್ರಿ!’

‘ನಂದೂ ಹೋಗ್ಯದ!’

ಹಳೆಯ ಆವೃತ್ತಿ ತೆರೆದು ಎಲ್ಲವನ್ನೂ ವಾಪಸ್ ತಂದೆ. ಆರೂ ಮಂದಿ ನನ್ನ ಹೆಗಲ ಮೇಲೆ ಬಗ್ಗಿ ನೋಡುತ್ತಿದ್ದರು, ಮಾತಿಲ್ಲ. ಅಳಿಸಿದ್ದು ಪೂರ್ತಿ ಅಳಿಯುವುದಿಲ್ಲ ಅಂತ ಗೊತ್ತಾದ ಮೇಲೆ ಒಬ್ಬರದ್ದನ್ನು ಒಬ್ಬರು ತಿದ್ದುವ ಧೈರ್ಯ ಬಂತು. ಮರುದಿನ ಪ್ರತಿ ಗುಂಪಿಗೆ ಆರು ಮನೆಯ ಒಂದು ಟೇಬಲ್ ಹಾಕಿಕೊಟ್ಟೆ, ಒಬ್ಬರಿಗೊಂದು ಮನೆ. ಜಾತ್ರೆ ನಿಂತಿತು.

ನಿಜವಾದ ಪಾಠ ನಡೆದಿದ್ದು ಅಂಚಿನ ಕಾಮೆಂಟ್‌ಗಳಲ್ಲಿ. ಒಬ್ಬ ‘ರಾಟೆಯಿಂದ ನೀರು ಎಳೆದು ಊರಿಗೆ ಬಿಡುತ್ತಿದ್ದರು’ ಅಂತ ಬರೆದಿದ್ದ. ಪಕ್ಕದಲ್ಲಿ ಒಬ್ಬಳು, ‘ರಾಟೆ ಎಲ್ಲಿ ನೋಡಿದಿ?’ ಅಂತ ಕೇಳಿದಳು. ಇನ್ನೊಬ್ಬ ‘ಇಳಿಜಾರು’ ಅಂತ ಒಂದೇ ಪದ. ‘ಹಾಗಾದರೆ ಮೇಲೆ ಬಾವಿಗೆ ಅಷ್ಟೊಂದು ಬಾಯಿ ಯಾಕೆ?’ ಅಂತ ಮತ್ತೊಂದು ಪ್ರಶ್ನೆ. ಹನ್ನೊಂದು ಕಾಮೆಂಟ್ ಆದವು. ನಾನು ಸುಮ್ನೆ ಕೂತಿದ್ದೆ, ಕೈ ತುರಿಸುತ್ತಿತ್ತು ಆದರೂ. ಕೊನೆಗೆ ಅವರೇ ದಾರಿಗೆ ಬಂದರು: ಎತ್ತರದ ಕಡೆ ತಾಯಿ ಬಾವಿ, ಅಲ್ಲಿಂದ ಸ್ವಲ್ಪವೇ ಇಳಿಜಾರಿನ ಸುರಂಗ, ನೀರು ತಾನಾಗಿ ಹರಿದು ಬರುತ್ತದೆ. ಮೇಲಿನ ಬಾಯಿಗಳು ಅಗೆದ ಮಣ್ಣು ಹೊರಗೆ ಹಾಕಲು, ಒಳಗೆ ಗಾಳಿ ಬೆಳಕು ಬಿಡಲು. ನಾನು ಬೋರ್ಡ್ ಮೇಲೆ ಬರೆದಿದ್ದರೆ ಐದು ನಿಮಿಷದ ಕೆಲಸ. ಅವರಿಗೆ ಎರಡು ದಿನ ಹಿಡಿಯಿತು.

ತೊಡಕಿಲ್ಲ ಅಂತ ಅಲ್ಲ. ಲ್ಯಾಬ್‌ನಲ್ಲಿ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಪದ್ಧತಿಯಲ್ಲಿ ಟೈಪ್ ಮಾಡಿ ತಂದು ಅಂಟಿಸಿದರೆ ಡಾಕ್ಸ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಆಯ್ಕೆ ಒತ್ತುವುದನ್ನು ಕಲಿಸಲು ಒಂದು ಪಿರಿಯಡ್ ಹೋಯಿತು. ಫೋನ್‌ನಲ್ಲಿ ಬರೆಯಲು ಆ್ಯಪ್ ಬೇಕು, ಖಾತೆ ಬೇಕು, ಹಳೆಯ ಫೋನ್‌ಗಳಲ್ಲಿ ಜಾಗವೇ ಇರಲ್ಲ. ಮಾತಾಡಿ ಟೈಪ್ ಮಾಡುವ ಕನ್ನಡ ಕೀಬೋರ್ಡ್ ಇರದಿದ್ದರೆ ನಾಲ್ಕೈದು ಮಕ್ಕಳು ಅಲ್ಲೇ ಕೈಬಿಡುತ್ತಿದ್ದರು.

ದೊಡ್ಡ ತೊಡಕು ಹೆಸರಿನದು. ಯಾರು ಬರೆದರು ಅಂತ ಡಾಕ್ಸ್ ತೋರಿಸುತ್ತದೆ, ಅದಕ್ಕೇ ಅಂಕ ಕೊಡಲು ಸುಲಭ ಅಂದುಕೊಂಡಿದ್ದೆ. ತೆರೆದು ನೋಡಿದರೆ ಅಲ್ಲಿ ಎಲ್ಲ ಅಪ್ಪಂದಿರು! ಫೋನ್ ಅವರದು, ಖಾತೆ ಅವರದು. ಅಕ್ಕ ತಮ್ಮ ಇಬ್ಬರೂ ಒಂದೇ ಹೆಸರಲ್ಲಿ. ಈಥರ್‌ಪ್ಯಾಡ್‌ನ ಬಣ್ಣ ನೆನಪಾಗಿ, ಪ್ರತಿಯೊಬ್ಬರೂ ತಮ್ಮ ಅಕ್ಷರಕ್ಕೆ ಒಂದು ಬಣ್ಣ ಆರಿಸಿಕೊಳ್ಳಿ ಅಂದೆ. ಈಗ ಹಾಗೇ ನಡೆದಿದೆ. ಈ ವರ್ಷವೂ ಮೊದಲ ದಿನ ಪ್ಯಾಡ್ಲೆಟ್, ಎರಡನೇ ದಿನದಿಂದ ಡಾಕ್ಸ್.

ಬರಹ ಮುಗಿಯುವ ವಾರ ನಾಲ್ಕನೇ ಗುಂಪಿನ ಪುಟದಲ್ಲಿ ಯಾರ ಬಣ್ಣವೂ ಅಲ್ಲದ ಎರಡು ಸಾಲು ಬಂದಿತ್ತು, ಬರೀ ಕಪ್ಪು ಅಕ್ಷರ. ‘ಎಲ್ಲಾ ಬಾಯಿ ತೆರೆದಿಲ್ಲ. ನಮ್ಮ ಹೊಲದ ಬಲ್ಲಿ ಒಂದು ಮುಚ್ಚ್ಯಾರ.’ ವಿಚಾರಿಸಿದೆ. ಆ ಗುಂಪಿನ ಒಬ್ಬ ಹುಡುಗಿ ನಾಲಿಗೆ ಕಚ್ಚಿಕೊಂಡಳು.

‘ನಮ್ಮಪ್ಪ ಬರದಾರ್ರಿ ಸರ್. ದಿನಾ ರಾತ್ರಿ ಓದ್ತಾರ. ಅಳಸಲೇನ್ರಿ?’

ಬೇಡ ಅಂದೆ. ಆ ಭಾನುವಾರ ಅವರ ಹೊಲಕ್ಕೆ ಹೋಗಿ ಮುಚ್ಚಿದ ಬಾಯಿಯ ಫೋಟೋ ತೆಗೆದುಕೊಂಡು ಬಂದೆವು.